ಒಂದನೇ ಕ್ಲಾಸಿನ ಕಂಪ್ಯೂಟರಿಗೆ ಹೊದಿಸಿದ ಮುಂಡು

ನಮ್ಮ ಶಾಲೆಯ ಒಂದನೇ ಕ್ಲಾಸಿನ ಕಂಪ್ಯೂಟರಿಗೆ ಈಗ ಬಟ್ಟೆ ಹೊದಿಸಿದೆ. ನೀಲಿ ಅಂಚಿನ ಹಳೆಯ ಮುಂಡು, ನಮ್ಮ ಕಡೆಯ ಪಂಚೆ. ಸ್ಪೀಕರುಗಳನ್ನೂ ಅದರೊಳಗೇ ಸೇರಿಸಿ ಸುತ್ತಿದ್ದೇನೆ. ಹೊಸದಾಗಿ ಬಂದ ಟೀಚರೊಬ್ಬರು, ಧೂಳು ಬೀಳದಿರಲಿ ಅಂತಲಾ ಎಂದು ಕೇಳಿದರು. ಹೌದು ಅಂದುಬಿಟ್ಟೆ. ಬಸ್ಸಿಗೆ ಹೊತ್ತಾಗಿತ್ತು, ನಿಂತು ಹೇಳುವ ಪುರುಸೊತ್ತಿರಲಿಲ್ಲ. ಅದು ಒಬ್ಬ ಮನುಷ್ಯನ ಕಥೆ. ಆ ಮನುಷ್ಯ ಹೋದ ವಾರ ತೀರಿಕೊಂಡರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ. ಅಲ್ಲದೆ ತನ್ನ ಹೆಸರು ಅಚ್ಚಾಗಿದೆ ಎಂದರೆ ನಾಚಿಕೆಯಿಂದ ನೆಲ ನೋಡುವ ಜೀವ ಅದು.

ನಾವೆಲ್ಲ ಅವರನ್ನು ಮಾಷ್ ಎನ್ನುತ್ತಿದ್ದೆವು. ನಮ್ಮ ಕಡೆ ಗಂಡು ಮೇಷ್ಟರೆಲ್ಲ ಮಾಷ್, ಹೆಂಗಸರೆಲ್ಲ ಟೀಚರ್. ವಯನಾಡು ಹೊಸ ಜಿಲ್ಲೆಯಾದ ಕಾಲದಲ್ಲಿ, ಮೀಸೆ ಸರಿಯಾಗಿ ಬಲಿಯುವ ಮೊದಲೇ, ಪುಲ್ಪಳ್ಳಿಯ ಆಚೆ ಕಾಡಂಚಿನಲ್ಲಿರುವ ಈ ಕಿರಿಯ ಪ್ರಾಥಮಿಕ ಶಾಲೆಗೆ ಬಂದು ಸೇರಿದರಂತೆ. ಅನುದಾನಿತ ಶಾಲೆ, ವರ್ಗಾವಣೆಯ ಕಾಟವಿಲ್ಲ. ಒಂದನೇ ಕ್ಲಾಸಿನಲ್ಲಿ ಕೂತವರು ಅಲ್ಲೇ ಕೂದಲು ನೆರೆಸಿಕೊಂಡರು. ನಾನು ಎರಡನೇ ಕ್ಲಾಸಿಗೆ ಟೀಚರಾಗಿ ಸೇರುವ ಹೊತ್ತಿಗೆ ಅವರ ಶಿಷ್ಯರ ಮಕ್ಕಳು ಅವರ ಮುಂದೆ ಕೂತಿದ್ದರು.

ಮಾಷಿಗೆ ನಾಚಿಕೆ ಜಾಸ್ತಿ. ಜಾಸ್ತಿ ಎಂದರೆ ಸುಮ್ಮನೆ ಅಲ್ಲ, ಊರಿನವರೆಲ್ಲ ಬಿಟ್ಟ ನಾಚಿಕೆಯನ್ನು ಇವರೊಬ್ಬರೇ ಹೊತ್ತುಕೊಂಡ ಹಾಗೆ. ಏನೇ ಎಡವಟ್ಟಾದರೂ ಎಡಗಿವಿಯ ತುದಿ ಹಿಡಿದು 'ನಂದೇ ತಪ್ಪು' ಎನ್ನುತ್ತಿದ್ದರು. ಬಸ್ಸು ಕೆಟ್ಟು ನಾವೆಲ್ಲ ತಡವಾಗಿ ಬಂದರೆ, ನಂದೇ ತಪ್ಪು, ಹತ್ತುವಾಗಲೇ ಅದು ಒಂಥರಾ ಸದ್ದು ಮಾಡಿತ್ತು ಎನ್ನುವರು. ಮಧ್ಯಾಹ್ನದ ಗಂಜಿಗೆ ಉಪ್ಪು ಹೆಚ್ಚಾದರೆ, ನಂದೇ ತಪ್ಪು, ಬೆಳಿಗ್ಗೆ ಉಪ್ಪಿನ ಡಬ್ಬಿ ಮುಚ್ಚದೆ ಇದ್ದದ್ದನ್ನು ನೋಡಿದ್ದೆ ಎನ್ನುವರು. ನನಗೋ ಬಾಯಿ ಸುಮ್ಮನಿರುವುದಿಲ್ಲ. ಒಂದು ದಿನ, "ಮಾಷೇ, ವಯನಾಡನ್ನ ಜಿಲ್ಲೆ ಮಾಡಿದ್ದೂ ನಿಮ್ಮದೇ ತಪ್ಪಾ?" ಎಂದು ಕೇಳಿದೆ. ಮನುಷ್ಯ ಒಂದು ಗಳಿಗೆ ಯೋಚಿಸಿದರು. ಆಮೇಲೆ ಕೈ ಮೆಲ್ಲಗೆ ಕಿವಿಯ ಕಡೆ ಹೋಯಿತು.

ಆದರೆ ಮಕ್ಕಳ ತಪ್ಪಿಗೆ ಮಾತ್ರ ಅವರ ಹತ್ತಿರ ಬೇರೆ ಮಾತಿತ್ತು: 'ಸಾರಮಿಲ್ಲ.' ಪರವಾಗಿಲ್ಲ ಎನ್ನುವುದಕ್ಕೆ ಮಲಯಾಳದ ಮಾತು. ಸ್ಲೇಟು ಒಡೆದರೂ ಸಾರಮಿಲ್ಲ, ಅಕ್ಷರ ತಲೆಕೆಳಗಾದರೂ ಸಾರಮಿಲ್ಲ. ಅದೊಂದು ಮಾತನ್ನು ತನಗೆ ತಾನೇ ಹೇಳಿಕೊಂಡದ್ದನ್ನು ನಾನು ಕೇಳಿದ್ದೇ ಇಲ್ಲ.

ಈ ನಾಚಿಕೆಯ ಬೇರು ಎಲ್ಲಿದೆಯೆಂದು ಒಮ್ಮೆ ಅವರೇ ಹೇಳಿದ್ದರು. ಮಾಷ್ ಗೌಡರ ಕೇರಿಯವರು. ಯಾವ ಕಾಲದಲ್ಲೋ ಕರ್ನಾಟಕದ ಕಡೆಯಿಂದ ಬಂದು ಗದ್ದೆ ಮಾಡಿಕೊಂಡ ಜನ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಮಾಷ್ ಹುಡುಗನಾಗಿ ಒಂದನೇ ಕ್ಲಾಸಿನಲ್ಲಿ ಕೂತಾಗ ಹೊರಗೆ ಹೋಗಬೇಕು ಎಂದು ಮಲಯಾಳದಲ್ಲಿ ಹೇಗೆ ಕೇಳುವುದೆಂದು ಗೊತ್ತಿರಲಿಲ್ಲ. ಕೇಳದೆ ಕೂತರು, ಕೂತಲ್ಲೇ ಚಡ್ಡಿ ಒದ್ದೆಯಾಯಿತು. ಮಕ್ಕಳು ನಕ್ಕರು. "ಆ ಬೆಂಚು ಒಣಗಿದ್ದು ನಾ ಕಾಣೆ ಟೀಚರೇ" ಎಂದು ಮಾಷ್ ಹೇಳಿದಾಗ ನನ್ನ ಬಾಯಿಗೂ ಕುಚೋದ್ಯ ಬರಲಿಲ್ಲ. ನಾನು ಸುಲ್ತಾನ್ ಬತ್ತೇರಿಯ ಕನ್ನಡದ ವ್ಯಾಪಾರಿಗಳ ಮನೆಯವಳು. ಬಸ್ಸಿನಲ್ಲಿ ಅಮ್ಮ ಗಟ್ಟಿಯಾಗಿ ಕನ್ನಡ ಮಾತಾಡಿದರೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಬೆಳೆದವಳು. ಮಾಷ್ ಹೇಳಿದ್ದು ನನಗೆ ಬೇಗ ಅರ್ಥವಾಯಿತು, ಅಷ್ಟು ಬೇಗ ಅರ್ಥವಾದದ್ದಕ್ಕೇ ಮುಜುಗರವೂ ಆಯಿತು.

ನಮ್ಮ ಶಾಲೆಗೆ ಕಂಪ್ಯೂಟರು ಬಂದಾಗ ಮಾಷಿಗೆ ಐವತ್ತು ದಾಟಿತ್ತು. ಬತ್ತೇರಿಯಲ್ಲಿ ತರಬೇತಿ ಕೊಟ್ಟರು. ಮಾಷ್ ಮೌಸ್ ಮುಟ್ಟುವ ಮೊದಲು ಪ್ರತಿಸಲವೂ ಎದ್ದು ನಿಂತು, ಮುಟ್ಟಬಹುದಾ ಎಂದು ಕೇಳುತ್ತಿದ್ದರು. ಕಲಿಸಲು ಬಂದಿದ್ದ ಹುಡುಗನಿಗೆ ಮೊದಲು ನಗು, ಆಮೇಲೆ ಸುಸ್ತು. ಶಾಲೆಗೆ ಬಂದ ಮೇಲೂ ಅಷ್ಟೇ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಕೈ ಮುಂಡಿಗೆ ಒರೆಸಿಕೊಂಡು, "ಟೀಚರೇ, ಮುಟ್ಟಲಾ?" ಎಂದು ನನ್ನನ್ನು ಕೇಳುವರು. ಕಚ್ಚುವುದಿಲ್ಲ ಮಾಷೇ ಮುಟ್ಟಿ ಎಂದು ನಾನು ಈಚೆ ಕ್ಲಾಸಿನಿಂದಲೇ ಕೂಗುತ್ತಿದ್ದೆ. ನಮ್ಮ ಎರಡು ಕ್ಲಾಸಿನ ನಡುವೆ ಇದ್ದದ್ದು ಬಿದಿರು ತಟ್ಟಿ, ಒಂದು ಕಡೆ ಕೆಮ್ಮಿದರೆ ಇನ್ನೊಂದು ಕಡೆ ಕೇಳುತ್ತದೆ.

ಇಂಥ ಮನುಷ್ಯ ಆ ಯಂತ್ರದಿಂದ ಮಾಡಿದ ಕೆಲಸ ನಮ್ಮಲ್ಲಿ ಯಾರೂ ಮಾಡಲಿಲ್ಲ. ಕಂಪ್ಯೂಟರಿನ ಜೊತೆ ಬಂದ ಪಾಠಗಳೆಲ್ಲ ಚೆಂದದ ಮಲಯಾಳದಲ್ಲಿ, ಬಣ್ಣಬಣ್ಣದ ಚಿತ್ರಗಳ ಜೊತೆ ಇದ್ದವು. ಕೇರಿಯ ಮಕ್ಕಳು ಬಾಯಿ ಬಿಟ್ಟು ನೋಡುವರು, ಅರ್ಥವಾಯಿತಾ ಎಂದರೆ ತಲೆಯಾಡಿಸುವರು. ಆ ತಲೆಯಾಟ ಎಂಥದೆಂದು ಮಾಷಿಗೆ ಗೊತ್ತು. ಅವರು ಸಂಜೆ ಹೊತ್ತು ಫೋನು ಹಿಡಿದು ಕೇರಿಯ ಅಜ್ಜಿಯರ ಜಗಲಿಗೆ ಹೋದರು. ಅಜ್ಜಿಯರ ಬಾಯಿಂದ ಕಥೆ ಹೇಳಿಸಿ ದನಿ ಹಿಡಿದರು. ಮಕ್ಕಳ ಕೈಲೇ ಅದಕ್ಕೆ ಚಿತ್ರ ಬರೆಸಿ ಫೋಟೋ ತೆಗೆದು ಸೇರಿಸಿದರು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಮೂಡುವುದು, ಸ್ಪೀಕರಿನಿಂದ ಮನೆಯ ಮಾತಿನಲ್ಲಿ ಕಥೆ ಬರುವುದು. ಅದೇ ಕಥೆಯನ್ನು ಮಾಷ್ ಆಮೇಲೆ ಮಲಯಾಳದಲ್ಲಿ ಹೇಳುವರು. ಮೂಗರ ಹಾಗೆ ಕೂತಿದ್ದ ಮಕ್ಕಳು ಓಣಂ ಬರುವ ಹೊತ್ತಿಗೆ ಎರಡೂ ಭಾಷೆಯಲ್ಲಿ ತಂಟೆ ಮಾಡುತ್ತಿದ್ದರು. ಹೊರಗೆ ಹೋಗಬೇಕು ಎಂದು ಎರಡೂ ಭಾಷೆಯಲ್ಲಿ ಕೇಳುತ್ತಿದ್ದರು.

ಇದರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಥೆ ಹೇಳಿದ್ದು ಒಬ್ಬ ಅಜ್ಜಿ. ಆಕೆಯ ಮೊಮ್ಮಗಳು ಮಾಷಿನ ಕ್ಲಾಸಿನಲ್ಲೇ ಇದ್ದಳು. ನಮ್ಮ ಮಾತು ಇಸ್ಕೂಲಿಗೆ ಯಾಕೆ, ಯಾರಾದರೂ ನಕ್ಕಾರು ಎಂದು ಅಜ್ಜಿ ಮೊದಲು ಒಪ್ಪಲಿಲ್ಲವಂತೆ. ಕೊನೆಗೆ ಫೋನಿಗೆ ಬೆನ್ನು ಹಾಕಿ, ಕೊಟ್ಟಿಗೆಯ ಗೋಡೆಯ ಕಡೆ ಮುಖ ಮಾಡಿ ಹೇಳಿದರಂತೆ. ಒಂದು ಕಾಡುಕೋಳಿ ಊರಕೋಳಿಯ ಗೂಡಿಗೆ ಬಂದು ಸೇರಿದ ಕಥೆ. ಅದು ದಿನಾ ಬೆಳಗಿನ ಜಾವ ಎದ್ದು ಕೂಗಲು ಬಾಯಿ ತೆರೆಯುತ್ತದೆ. "ಆಗ ಏನಾಯ್ತವ್ವ?" ಎಂದು ಅಜ್ಜಿ ಕೇಳಿ ಸುಮ್ಮನಾಗುತ್ತಾರೆ. ಕೋಳಿಗೆ ತನ್ನ ಕೂಗೇ ಮರೆತುಹೋಯಿತು ಎಂದು ಮನೆಯಲ್ಲಿ ಮೊಮ್ಮಗಳು ಉತ್ತರ ಹೇಳಿ ಅಭ್ಯಾಸ. ಅಂದು ಸದ್ದು ಮಾಡಬಾರದೆಂದು ಮಾಷ್ ಹೇಳಿದ್ದರಿಂದ ಅಜ್ಜಿಯ ಮಗ್ಗುಲಲ್ಲೇ ಕೂತಿದ್ದ ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡು ಬರೀ ತಲೆಯಾಡಿಸಿದಳು. ಅಜ್ಜಿ ಅದನ್ನು ನೋಡಿ, "ಊಂ, ಮರ್ತೋಯ್ತು" ಎಂದು ಕಥೆ ಮುಂದುವರಿಸಿದರು. ದನಿಯಲ್ಲಿ ಆ ಖಾಲಿ ಜಾಗ ಹಾಗೇ ಉಳಿಯಿತು. ಕ್ಲಾಸಿನಲ್ಲಿ ಹಾಕಿದಾಗ ಆ ಜಾಗಕ್ಕೆ ಸರಿಯಾಗಿ ಮಕ್ಕಳೆಲ್ಲ 'ಮರ್ತೋಯ್ತು' ಎಂದು ಕೂಗುವರು, ಅಜ್ಜಿ 'ಊಂ' ಎನ್ನುವರು. ತಟ್ಟಿಯ ಈಚೆಗೆ ನನ್ನ ಎರಡನೇ ಕ್ಲಾಸಿನವರೂ ಕೂಗುವರು. ನಾನು ಬೈಯುವುದನ್ನು ಬಿಟ್ಟಿದ್ದೆ.

ಆ ಮಳೆಗಾಲದ ಕೊನೆಗೆ ಅಜ್ಜಿ ತೀರಿಕೊಂಡರು.

ಆ ಕೇರಿಯಲ್ಲಿ ಒಂದು ನಡವಳಿಕೆಯಿದೆ. ಯಾರಾದರೂ ಸತ್ತರೆ ತಿಥಿ ಕಳೆಯುವ ತನಕ ಅವರ ಹೆಸರು ಹಿಡಿದು ಕರೆಯುವಂತಿಲ್ಲ, ಅವರು ಹೇಳುತ್ತಿದ್ದ ಮಾತನ್ನು ಅವರ ದನಿಯಲ್ಲಿ ಆಡಿ ತೋರಿಸುವಂತಿಲ್ಲ. ಹೋಗುತ್ತಿರುವವರು ತಮ್ಮನ್ನೇ ಕರೆದರೆಂದು ತಿರುಗಿ ನೋಡುತ್ತಾರೆ, ತಿರುಗಿದವರಿಗೆ ದಾರಿ ತಪ್ಪುತ್ತದೆ ಎನ್ನುತ್ತಾರೆ. ಮಾಷ್ ಅದೇ ಕೇರಿಯವರು, ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ವಾರ ಕಾಡುಕೋಳಿಯ ಕಥೆ ಹಾಕಲೇ ಇಲ್ಲ, ಬೇರೆ ಅಜ್ಜಿಯ ಕಥೆ ಹಾಕಿದರು. ಆದರೆ ಅವರು ಕಥೆಗಳನ್ನೆಲ್ಲ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿಟ್ಟಿದ್ದರು. ಒಂದು ಮುಗಿದರೆ ಯಂತ್ರ ತಾನಾಗಿಯೇ ಮುಂದಿನದಕ್ಕೆ ಹೋಗುತ್ತದೆ. ಆ ಹೊತ್ತಿಗೆ ಸರಿಯಾಗಿ ಯಾರೋ ಗೇಟಿನ ಹತ್ತಿರ ಕರೆದರೆಂದು ಮಾಷ್ ಹೊರಗೆ ಹೋದರು.

ತಟ್ಟಿಯ ಈಚೆ ನನಗೆ ಕೇಳಿಸಿತು. ಕಾಡುಕೋಳಿ ಬಂತು, ಗೂಡು ಸೇರಿತು, ಬೆಳಗಾಯಿತು. "ಆಗ ಏನಾಯ್ತವ್ವ?" ಉಳಿದ ಮಕ್ಕಳು ಅಂದು ಕೂಗಲಿಲ್ಲ, ಅವರಿಗೂ ಏನೋ ಗೊತ್ತಿತ್ತು. ಒಂದೇ ಒಂದು ದನಿ, "ಮರ್ತೋಯ್ತು ಅಜ್ಜೀ" ಎಂದಿತು. "ಊಂ, ಮರ್ತೋಯ್ತು" ಎಂದು ಅಜ್ಜಿ ಉತ್ತರ ಕೊಟ್ಟರು. ಮನೆಯಲ್ಲಿದ್ದರೆ ಅಳುತ್ತಾಳೆ ಎಂದು ಆ ಹುಡುಗಿಯನ್ನು ಆವತ್ತು ಶಾಲೆಗೆ ಕಳಿಸಿದ್ದರು. ಮಾಷ್ ಓಡಿ ಬರುವಷ್ಟರಲ್ಲಿ ಅವಳು ಗೇಟು ದಾಟಿ ಗದ್ದೆಯ ಬದುವಿನ ಮೇಲೆ ಮನೆಯ ಕಡೆ ಓಡುತ್ತಿದ್ದಳು. ಅಜ್ಜಿ ಎಲ್ಲಿಗೂ ಹೋಗಿಲ್ಲ, ಶಾಲೆಯಲ್ಲಿದ್ದಾರೆ, ಈಗಷ್ಟೇ ನನ್ನ ಹತ್ತಿರ ಮಾತಾಡಿದರು ಎಂದು ಸೂತಕದ ಮನೆಯಲ್ಲಿ ನಿಂತು ಹೇಳಿದಳಂತೆ.

ಯಾರೂ ಜಗಳಕ್ಕೆ ಬರಲಿಲ್ಲ. ಸಂಜೆ ಹುಡುಗಿಯ ದೊಡ್ಡಪ್ಪ ಒಬ್ಬರೇ ಬಂದರು. ಒಳಗೆ ಬರಲಿಲ್ಲ, ಜಗಲಿಯ ಕೆಳಗೇ ನಿಂತರು. "ನಿಮಗೆ ತಿಳೀದ್ದೇನಲ್ಲ ಮಾಷೇ. ತಿಥಿ ಕಳೆಯೋಗಂಟ ಅದನ್ನ ಸುಮ್ಕಿರ್ಸಿ" ಎಂದರು. ಅಷ್ಟೇ ಅಂದದ್ದು, ಹೋದರು. ಬೈದಿದ್ದರೆ ಚೆನ್ನಾಗಿತ್ತು. ಮಾಷ್ ಎರಡೂ ಕೈಯಲ್ಲಿ ಎರಡೂ ಕಿವಿ ಹಿಡಿದುಕೊಂಡು ನಿಂತಿದ್ದರು, ಅರವತ್ತರ ಹತ್ತಿರ ಬಂದ ಮನುಷ್ಯ.

ಆಮೇಲೆ ಒಳಗೆ ಹೋದರು. ನಾನು ಹಿಂದೆಯೇ ಹೋದೆ. ಅಂದು ಅವರು ಚಪ್ಪಲಿ ಬಿಡಲಿಲ್ಲ. ಮುಟ್ಟಲಾ ಎಂದು ನನ್ನನ್ನು ಕೇಳಲಿಲ್ಲ. ಅಜ್ಜಿಯ ಕಥೆ ಅಳಿಸಿದರು, ಉಳಿದ ಅಜ್ಜಿಯರ ಕಥೆಗಳನ್ನೂ ಅಳಿಸಿದರು. ಅಳಿಸಿದ್ದೆಲ್ಲ ಹೋಗಿ ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿದರು. ತರಬೇತಿಯಲ್ಲಿ ಬುಟ್ಟಿಯ ವಿಷಯ ಕಲಿಸಿದಾಗ ಇವರಿಗೆ ತಿಳಿದಿರಲಾರದು ಎಂದುಕೊಂಡಿದ್ದೆ. ಮಾಷೇ ನಿಲ್ಲಿ, ನಾಳೆ ನೋಡೋಣ ಎಂದು ನಾನು ಹೇಳುತ್ತಲೇ ಇದ್ದೆ. ಫೋನಿನಲ್ಲಿ ಜಾಗ ಸಾಲದೆಂದು ಅಲ್ಲಿದ್ದ ಮೂಲ ದನಿಗಳನ್ನು ಅವರು ಮೊದಲೇ ತೆಗೆದುಹಾಕಿದ್ದರು. ಹೀಗೆ ಎಲ್ಲೂ ಏನೂ ಉಳಿಯಲಿಲ್ಲ.

ಹುಡುಗಿ ಮರುದಿನ ಬಂದಳು. ಸ್ಪೀಕರಿನ ಎದುರಿಗೆ ಕೂತಳು, ಗಂಜಿಗೂ ಏಳಲಿಲ್ಲ. ಅದರ ಮಾರನೆಯ ದಿನವೂ ಹಾಗೇ. ಆಮೇಲೆ ಬರುವುದನ್ನೇ ಬಿಟ್ಟಳು. ಅಜ್ಜಿ ಬಂದರೆ ಬರುತ್ತೇನೆ ಎನ್ನುತ್ತಿದ್ದಾಳೆ ಎಂದು ಅಕ್ಕಪಕ್ಕದ ಮಕ್ಕಳು ಸುದ್ದಿ ತಂದರು. ಮಾಷಿನ ಕ್ಲಾಸಿನಿಂದ ಶಾಲೆ ಬಿಟ್ಟ ಮಗು ಅವರ ಸೇವೆಯಲ್ಲಿ ಅದುವರೆಗೆ ಒಂದೂ ಇರಲಿಲ್ಲ. ಹಾಗೆ ಆಗಬಾರದು ಎಂದೇ ಅಲ್ಲವೇ ಅವರು ಇಷ್ಟೆಲ್ಲ ಹೂಡಿದ್ದು.

ತಿಥಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಹುಡುಗಿಯ ತಾಯಿ ಮಗಳ ಕೈ ಹಿಡಿದುಕೊಂಡು ಬಂದರು. ಹುಡುಗಿಗೆ ತಲೆ ಬಾಚಿ, ಒಗೆದ ಲಂಗ ಹಾಕಿದ್ದರು. ತಾಯಿಯ ಮುಖದಲ್ಲಿ ಸಂಕೋಚದ ನಗುವಿತ್ತು, ಏನೋ ಬೇಡಲು ಬಂದವರ ಹಾಗೆ.

"ಇನ್ನು ಹಾಕ್ಬೌದು ಮಾಷೇ" ಎಂದರು. "ದಿನ ಕಳೀತು. ಅತ್ತೆ ದನಿ ಒಂದ್ಸಲ ಕೇಳುದ್ರೆ ದಿನಾ ಬತ್ತೀನಿ ಅಂದವ್ಳೆ. ನಂಗೂ ಕೇಳ್ಬೇಕು ಅಂತದೆ."

ಮಾಷ್ ಕೈಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು, "ಅಳಿಸ್ಬಿಟ್ಟೆ ಕನವ್ವ. ನಂದೇ ತಪ್ಪು" ಎಂದರು.

ಆ ಹೆಂಗಸು ಕೋಪ ಮಾಡಿಕೊಳ್ಳಲಿಲ್ಲ. ಅರ್ಥವಾಗದವರ ಹಾಗೆ ನಮ್ಮಿಬ್ಬರ ಮುಖವನ್ನೂ ನೋಡಿದರು. "ಅಳ್ಸಿ ಅಂತ ಯಾರಂದ್ರು ಮಾಷೇ? ಸುಮ್ಕಿರ್ಸಿ ಅಂತಷ್ಟೇ ಅಲ್ವಾ ಬಾವ ಹೇಳಿದ್ದು?"

ಜೀವನವಿಡೀ 'ನಂದೇ ತಪ್ಪು' ಎಂದುಕೊಂಡು ಬಂದ ಮನುಷ್ಯನಿಗೆ, ಅದು ನಿಜವಾಗಿಯೂ ತನ್ನದೇ ತಪ್ಪಾದ ದಿನ ಕಿವಿ ಹಿಡಿಯಲೂ ಕೈ ಬರಲಿಲ್ಲ. ದೊಡ್ಡಪ್ಪ ಹೇಳಿದ್ದು ಅವರಿಗೆ ಕೇಳಿಸಿಯೇ ಇರಲಿಲ್ಲ. ಕೇಳಿಸಿದ್ದು ತಮ್ಮ ನಾಚಿಕೆಯೊಂದೇ. ಅದು ಹೇಳಿದ ಹಾಗೆ ಮಾಡಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಸಂಜೆ ಬಸ್ಸಿನಲ್ಲಿ ಕೂತಾಗ ಆ ಸಿಟ್ಟು ಇಳಿಯಿತು. ಅಮ್ಮನ ಕನ್ನಡಕ್ಕೆ ಮುಖ ತಿರುಗಿಸಿದ್ದ ಅದೇ ಕಿಟಕಿ. ನಾಚಿಕೆ ಹೇಳಿದ ಹಾಗೆ ನಾವೆಲ್ಲ ಏನೇನು ಅಳಿಸಿದ್ದೇವೋ ಯಾರಿಗೆ ಗೊತ್ತು ಎನಿಸಿತು.

ಮಾಷ್ ಸುಮ್ಮನೆ ಕೂರಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆಯನ್ನು ಹೊದಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬತ್ತೇರಿಯ ಅಂಗಡಿಗೆ ಹೋದರು. ಅಳಿಸಿದ್ದನ್ನು ಅಲ್ಲಿ ತೆಗೆದುಕೊಡುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಸಿಗಲಿಲ್ಲ, ಅದರ ಮೇಲೆ ಬೇರೆ ಏನೇನೋ ಬರೆದುಹೋಗಿದೆ ಎಂದರು. ಬರುವಾಗಲೂ ಪೆಟ್ಟಿಗೆ ತೊಡೆಯ ಮೇಲೆಯೇ ಇತ್ತು. ಉಳಿದ ಅಜ್ಜಿಯರ ಜಗಲಿಗೆ ಮತ್ತೆ ಹೋದರು. ಕೆಲವರು ಮತ್ತೆ ಹೇಳಿದರು, ಕೆಲವರು ಒಂದು ಸಲ ಹೇಳಿದ್ದಾಯಿತಲ್ಲ ಎಂದು ಸುಮ್ಮನಾದರು. ಕಾಡುಕೋಳಿಯ ಕಥೆ ಮಾತ್ರ ಅಜ್ಜಿ ಹೇಳಿದ ಹಾಗೇ, ಒಂದು ಮಾತೂ ಬಿಡದೆ, ಗೊತ್ತಿದ್ದದ್ದು ಆ ಹುಡುಗಿ ಒಬ್ಬಳಿಗೇ.

ಹಾಗಾಗಿ ಮಾಷ್ ದಿನಾ ಸಂಜೆ ಅವಳ ಜಗಲಿಗೆ ಹೋಗಿ ಕೂತರು. ಒಂದನೇ ಕ್ಲಾಸಿನ ಮಗುವಿನ ಎದುರು ಕೂತು ಕಥೆ ಕಲಿತರು. ಅವಳು ಮೊದಲು ಬಾಯಿ ಬಿಡಲಿಲ್ಲವಂತೆ. ಮಾಷ್ ತಮಗೆ ತಿಳಿದ ಹಾಗೆ ಹೇಳುವರು, ಅವಳು ತಡೆಯಲಾರದೆ 'ಹಂಗಲ್ಲ' ಎನ್ನುವಳು. ಎಷ್ಟೋ ಸಂಜೆಗಳು ಹೀಗೆ ಹೋದವು. ಕೊನೆಗೊಂದು ದಿನ ಮಾಷ್ ಕ್ಲಾಸಿನಲ್ಲಿ ಆ ಕಥೆ ಹೇಳುತ್ತಾರಂತೆ ಎಂದು ಸುದ್ದಿಯಾಯಿತು. ಹುಡುಗಿ ತಾನಾಗಿ ಶಾಲೆಗೆ ಬಂದಳು, ಇವರು ತಪ್ಪು ಹೇಳಿಯಾರು ಎಂಬ ಭಯಕ್ಕೆ. ಮಾಷ್ ತಪ್ಪೇ ಹೇಳಿದರು. ಊರಕೋಳಿಯನ್ನು ಮೊದಲು ತಂದುಬಿಟ್ಟರು. ಬೇಕೆಂದೇ ಹಾಗೆ ಹೇಳಿದರೋ, ನಿಜಕ್ಕೂ ಮರೆತರೋ, ನಾನು ಯಾವತ್ತೂ ಕೇಳಲಿಲ್ಲ. ಹುಡುಗಿ ಎದ್ದು ನಿಂತು, "ಹಂಗಲ್ಲ ಮಾಷೇ" ಎಂದಳು. ಅವರು ಕಿವಿ ಹಿಡಿದು, ನಂದೇ ತಪ್ಪು ಎಂದರು.

"ಸಾರಮಿಲ್ಲ ಮಾಷೇ" ಎಂದಳು ಹುಡುಗಿ, ದೊಡ್ಡವರ ಹಾಗೆ. ಅವರದೇ ಮಾತು, ಅವರಿಗೆ ಯಾರೋ ಹೇಳಿದ್ದು ಅದೇ ಮೊದಲು. ಮಾಷ್ ಬೋರ್ಡಿನ ಕಡೆ ತಿರುಗಿಕೊಂಡರು. ಬೋರ್ಡಿನ ಮೇಲೆ ಏನೂ ಇರಲಿಲ್ಲ, ಆದರೂ ಒರೆಸಿದರು, ಮತ್ತೆ ಒರೆಸಿದರು.

ಹುಡುಗಿ ಆಮೇಲೆ ಶಾಲೆ ಬಿಡಲಿಲ್ಲ. ಆದರೆ ಇದರಿಂದ ಮಾಷಿನ ಭಾರ ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ತಾಯಿ ಎದುರಿಗೆ ಬಂದರೆ ಅವರು ಬದು ಇಳಿದು ಗದ್ದೆಯ ಕೆಸರಿನಲ್ಲಿ ನಡೆಯುತ್ತಿದ್ದರು. ತಾಯಿ ನಗುತ್ತಲೇ ಮಾತಾಡಿಸುತ್ತಿದ್ದರು, ಅದು ಮಾಷಿಗೆ ಇನ್ನೂ ಕಷ್ಟ. ನಿವೃತ್ತಿಯ ವರ್ಷ ಅವರು ಕಾಡುಕೋಳಿಯ ಕಥೆಯನ್ನು ತಮ್ಮ ದನಿಯಲ್ಲಿ ಹೇಳಿ ಕಂಪ್ಯೂಟರಿಗೆ ಹಾಕಿದರು. ಜೊತೆಗೆ ಒಂದು ನಿಯಮವನ್ನೂ ಬಿಟ್ಟುಹೋದರು. ಯಂತ್ರದಲ್ಲಿ ದನಿಯಿರುವವರು ಯಾರಾದರೂ ತೀರಿಕೊಂಡರೆ ತಿಥಿ ಕಳೆಯುವ ತನಕ ಅದಕ್ಕೆ ಬಟ್ಟೆ ಹೊದಿಸಬೇಕು, ಏನನ್ನೂ ಅಳಿಸಬಾರದು. ಹೊದಿಸುವುದಕ್ಕೆಂದು ತಮ್ಮದೇ ನೀಲಿ ಅಂಚಿನ ಮುಂಡೊಂದನ್ನು ಒಗೆದು ಮಡಿಸಿ ಅಲಮಾರಿಯಲ್ಲಿ ಇಟ್ಟರು. ಅಲ್ಲಿಂದೀಚೆಗೆ ಕೇರಿಯ ಬೇರೆ ಅಜ್ಜಿಯರಿಗಾಗಿ ಅದನ್ನು ಹೊದಿಸಿದ್ದೇವೆ. ಈಗ ಅದನ್ನು ಇಟ್ಟವರಿಗಾಗಿಯೇ ಹೊದಿಸಿದೆ.

ಮಾಷ್ ಹೋದ ದಿನ ಅವರ ಅಂಗಳದಲ್ಲಿ ಆ ಹುಡುಗಿ ಸಿಕ್ಕಳು. ಈಗ ಪುಲ್ಪಳ್ಳಿಯಲ್ಲಿ ಪ್ಲಸ್ ಟೂ ಓದುತ್ತಿದ್ದಾಳೆ, ನನಗಿಂತ ಎತ್ತರ. ನನ್ನನ್ನು ಪಕ್ಕಕ್ಕೆ ಕರೆದು, ಅವರ ಹೆಸರು ಹೇಳದೆ, "ಟೀಚರೇ, ಸುಮ್ಕಿರ್ಸಿ. ಅಳಿಸ್ಬ್ಯಾಡಿ" ಎಂದಳು. ಅಳಿಸುವುದಿಲ್ಲ ಎಂದೆ. ಇಷ್ಟು ವರ್ಷದ ಮೇಲೂ ಆ ಮಗು ನಮ್ಮನ್ನು ಕಂಡರೆ ಅದನ್ನೇ ಬೇಡಬೇಕಾಗಿ ಬಂತಲ್ಲ ಎಂದು ನನಗೆ ಮುಖ ಎತ್ತಲಾಗಲಿಲ್ಲ.

ನಾಳೆ ತಿಥಿ. ನಾಡಿದ್ದು ಒಂದನೇ ಕ್ಲಾಸಿನಲ್ಲಿ ಮುಂಡು ತೆಗೆಯುತ್ತೇವೆ. ಸ್ಪೀಕರಿನಲ್ಲಿ ಮಾಷ್ ಕಥೆಗೆ ಮೊದಲು ಸ್ವಲ್ಪ ಕೆಮ್ಮುತ್ತಾರೆ. "ಮಕ್ಕಳೇ, ತಪ್ಪೇನಾರ ಆದ್ರೆ ನಂದೇ ತಪ್ಪು" ಎನ್ನುತ್ತಾರೆ. ಆಮೇಲೆ, ಅಜ್ಜಿ ಕಥೆಯ ನಡುವೆ ಬಿಟ್ಟ ಹಾಗೆ, ಇವರು ಕಥೆಗೆ ಮುಂಚೆಯೇ ಒಂದು ಖಾಲಿ ಜಾಗ ಬಿಡುತ್ತಾರೆ. ಯಾಕೆ ಬಿಟ್ಟರೆಂದು ಮಕ್ಕಳಿಗೆ ಯಾರೂ ಹೇಳಿಲ್ಲ, ಅವರ ತಪ್ಪು ಏನೆಂದೂ ಹೇಳಿಲ್ಲ. ಆದರೂ ವರ್ಷ ವರ್ಷ ಹೊಸದಾಗಿ ಬಂದ ಮಕ್ಕಳು, ಹಿಂದಿನವರಿಂದ ಕೇಳಿ ಕಲಿತು, ಆ ಜಾಗಕ್ಕೆ ಸರಿಯಾಗಿ ಒಂದೇ ದನಿಯಲ್ಲಿ ಕೂಗುತ್ತಾರೆ:

"ಸಾರಮಿಲ್ಲ ಮಾಷೇ."